ಜುಟ್ಟಿನ ಲೆಕ್ಕ

ತ್ಬಿಲಿಸಿಗೆ ಬಂದವರು ಮೊದಲು ಮೇಲೆ ನೋಡುತ್ತಾರೆ:
ಗುಡ್ಡದ ಕೋಟೆ, ತಂತಿಯ ಮೇಲೆ ತೇಲುವ ಡಬ್ಬಿ,
ಬೀದಿಗೆ ಬಾಗಿದ ಮರದ ಮೊಗಸಾಲೆ,
ಅಲ್ಲಿ ಒಣಗುತ್ತಿರುವ ಯಾರದೋ ಅಂಗಿ.
ಲಮಾರಾ ನೋಡುವುದು ಕಾಲು.

ನೆಲಮಾಳಿಗೆಯ ಅಡುಗೆಮನೆ. ಗೋಡೆಯ ತುದಿಗೆ
ಒಂದು ಗೇಣಿನ ಕಿಟಕಿ, ಅದರ ಹೊಸ್ತಿಲೇ ಬೀದಿ.
ಹಿಟ್ಟು ಲಟ್ಟಿಸುತ್ತ, ಮಾಂಸ ತುಂಬುತ್ತ,
ಖಿಂಕಾಲಿಗೆ ಹತ್ತೊಂಬತ್ತು ನೆರಿಗೆ ಹಿಡಿದು
ನೆತ್ತಿಗೊಂದು ಜುಟ್ಟು ತಿರುಪುತ್ತ
ಇಪ್ಪತ್ತೆರಡು ವರ್ಷ
ಊರು ನೋಡಿದ್ದಾಳೆ ಮೊಣಕಾಲಿನವರೆಗೆ.

ಬೆಳಗಿನ ಕಾಲಿಗೆ ಅವಸರ, ಅದರ ಬಳಿ ಪಟ್ಟಿಯಿದೆ.
ಗಂಧಕದ ಸ್ನಾನದ ಮನೆಯಿಂದ ಬಂದದ್ದು ಗುಲಾಬಿ, ಮೆತ್ತಗೆ,
ಕೊಳೆತ ಮೊಟ್ಟೆಯ ನಾತವನ್ನು ಅಕ್ಕರೆಯಿಂದ ಹೊತ್ತು ತರುತ್ತದೆ.
ಸಂಜೆಯವು ಜೋಡಿ ಜೋಡಿ; ಮುನಿಸಿದ್ದರೆ
ನಡುವೆ ಎರಡು ಮಾರು.
ನಡುರಾತ್ರಿಯದು ಕಪ್ಪು ಬೂಟು, ಕಪ್ಪು ಬೂಟು, ಕಪ್ಪು ಬೂಟು,
ನದಿಯಾಚೆ, ನೆಲದಡಿಯ ಕುಣಿತಕ್ಕೆ.
"ದುಡ್ಡು ಕೊಟ್ಟು ನೆಲಮಾಳಿಗೆಗೆ ಇಳೀತಾರೆ, ಪಾಪ.
ನನಗಾದರೆ ಸಂಬಳ" ಅನ್ನುತ್ತಾಳೆ ಲಮಾರಾ.

ಮೇಲೆ ಬಡಿಸುವವನು ಗೋಚಾ. ಬಿಲ್ಲಿಗೆ ಅವನದು ಹಳೇ ಪದ್ಧತಿ:
ತಟ್ಟೆಯಲ್ಲಿ ಜುಟ್ಟು ಎಷ್ಟೋ, ತಿಂದದ್ದು ಅಷ್ಟು.
ಜುಟ್ಟು ಹಿಡಿ, ತಲೆಕೆಳಗೆ ಮಾಡು, ಕಚ್ಚು, ಸಾರು ಹೀರು,
ಜುಟ್ಟು ಮಾತ್ರ ಬಿಡು. ಸರಿಯಾಗಿ ಬೇಯದು ಅದು, ಬರೀ ಹಿಡಿಕೆ.
ಪಂದ್ಯ ಕಟ್ಟಿದವರು ಇಪ್ಪತ್ತು ಜುಟ್ಟು ಪೇರಿಸಿಕೊಂಡು
ಫೋಟೋ ತೆಗೆಸಿಕೊಳ್ಳುತ್ತಾರೆ,
ಬೇಟೆಯಿಂದ ಬಂದವರ ಗತ್ತಿನಲ್ಲಿ.

ಆ ಶುಕ್ರವಾರ ಗೋಚಾ ಮೆಟ್ಟಿಲಿನಿಂದಲೇ ಕೂಗಿದ:
"ಮೂಲೆಯ ಮುದುಕ ಜುಟ್ಟನ್ನೂ ತಿಂದುಬಿಟ್ಟಿದ್ದಾನೆ!
ಗದ್ದಲದಲ್ಲಿ ಕೊಟ್ಟದ್ದೆಷ್ಟೋ ಮರೆತೆ.
ಏನು ಬರೀಲಿ, ಸೊನ್ನೆಯಾ?"

ಹೊಟ್ಟೆಗೆ ಹಿಟ್ಟು ಬೇರೆ, ಜುಟ್ಟಿನ ಬೆಡಗು ಬೇರೆ
ಎಂಬ ಭೇದ ಅರಿಯದವನು ಯಾರಪ್ಪ,
ನೋಡಿಯೇಬಿಡೋಣವೆಂದು
ಕೈಯ ಹಿಟ್ಟು ಒರೆಸದೆ ಮೇಲೆ ಬಂದಳು.
ಎಷ್ಟೊಂದು ಮುಖ. ಒಂದೂ ಗುರುತಿಲ್ಲ.
ಬಗ್ಗಿ, ಮೇಜುಗಳ ಅಡಿ ನೋಡಿದಳು.

ಅಗೋ, ಕಂದು ಬೂಟು, ಎಡಗಾಲಿಗಷ್ಟೇ ಕೆಂಪು ಲಾಡಿ.
ಬೆಳಿಗ್ಗೆ ಕೋಟೆಯ ಕಡೆ ಹೋದದ್ದು,
ಮಧ್ಯಾಹ್ನ ಹಳೇ ಸಾಮಾನಿನ ಸೇತುವೆಯಿಂದ ಕುಂಟಿ ಬಂದದ್ದು,
ಮುಸ್ಸಂಜೆ ಕಿಟಕಿಯೆದುರು ನಿಂತದ್ದು, ಬಹಳ ಹೊತ್ತು.
ಬೆಳಕಿಗೆ ಅಡ್ಡ ಎಂದು ಆಗ ಬೈದಿದ್ದಳು.

ಗದರಲು ಬಂದಳೆಂದು ಅವನು ಎದ್ದು ನಿಂತ.
ಇಬ್ಬರ ನಡುವೆ ಒಂದೂ ಭಾಷೆಯಿಲ್ಲ.
ಐದು ಬೆರಳು ಕೂಡಿಸಿ ಗಾಳಿಯಲ್ಲೊಂದು ಜುಟ್ಟು ಮಾಡಿ
ಕಿತ್ತು ಪಕ್ಕಕ್ಕಿಟ್ಟಳು: ಇದನ್ನು ಬಿಡಬೇಕು.
ಅವನು ನಾಚಿ, ತಡವರಿಸಿ, ಫೋನು ತೆಗೆದ.
ಕೋಟೆ ಸರಿಯಿತು. ಇಟ್ಟಿಗೆಯ ಗುಮ್ಮಟಗಳು ಸರಿದವು.
ಗಾಜಿನ ಸೇತುವೆ. ಆರಿದ ಚಹಾದಂಥ ಕುರಾ ನದಿ.
ಆಮೇಲೆ ಕಲ್ಲುಗೋಡೆಯ ಬುಡಕ್ಕೆ
ಒಂದು ಗೇಣು ಹಳದಿ ಬೆಳಕು,
ಅದರೊಳಗೆ ತಲೆಯಿಲ್ಲದ ಎರಡು ಕೈ
ಬೆಳ್ಳಗೆ, ನೆರಿಗೆ ಹಿಡಿಯುತ್ತಿವೆ.

ಯಾರ ಕೈ ಇದು, ಎಂದು ಕೇಳಿಯೇಬಿಟ್ಟಳು.
ಗೋಚಾ ನಕ್ಕ. ಮುದುಕನೂ ನಕ್ಕ, ಅರ್ಥವಾಗದೆ.
ಇನ್ನೊಮ್ಮೆ ತೋರಿಸು.
ಉಂಗುರದ ಬೆರಳು ಸೊಟ್ಟ. ಚಿಕ್ಕಂದಿನಲ್ಲಿ
ಪಸಾನೌರಿಯ ಮನೆಯ ಬಾಗಿಲಿಗೆ ಸಿಕ್ಕಿದ್ದು.
ಹೌದು.

"ಏಳು ಅಂತ ಬರಿ" ಎಂದಳು ಗೋಚಾನಿಗೆ.
ಹದಿಮೂರು ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಹಿಟ್ಟು ಕಲಸುವ ಮುಂಚೆ
ಸ್ಟೂಲು ಹತ್ತಿ ಕಿಟಕಿ ಒರೆಸಿದಳು.
ಹೊರಗಿನ ಧೂಳು ಹಾಗೇ ಇತ್ತು.
ಒಳಗಿನ ಬಟ್ಟೆಗೆ ಅದು ಎಟಕುವುದಿಲ್ಲ.